ಕುತ್ತಿಗೆಯಿಂದ ಮೇಲೆ

ಕಾಪುವಿನಿಂದ ಶಿರ್ವಕ್ಕೆ ಹೋಗುವ ರಸ್ತೆಯಲ್ಲಿ ಶೀನನ ಗೂಡಂಗಡಿ ಇದೆ. ಅಲ್ಲಿ ಬಸ್ಸಿಳಿದು ಯಾರಾದರೂ ಅಂಗಿ ಮೈಗೆ ತಾಗದಂತೆ ಎತ್ತಿ ಹಿಡಿದು ನಿಂತರೆ, ಅವರು ಬಾಯಿ ತೆರೆಯುವ ಮೊದಲೇ ಶೀನ ಕೈ ತೋರಿಸುತ್ತಿದ್ದ. "ಅಗೋ, ಆ ಹಲಸಿನ ಮರದ ಮನೆ. ನೇರ ಹೋಗಿ. ನಾಯಿ ಉಂಟು, ಕಚ್ಚುವುದಿಲ್ಲ." ಸರ್ಪಸುತ್ತು ಆದವರ ನಡಿಗೆಯನ್ನು ಮೂವತ್ತು ಹೆಜ್ಜೆ ದೂರದಿಂದ ಗುರುತಿಸುವಷ್ಟು ಅವನಿಗೆ ಅಭ್ಯಾಸವಾಗಿತ್ತು. ಅವರೆಲ್ಲ ಬರುತ್ತಿದ್ದದ್ದು ಅವನ ಹೆಂಡತಿ ಸುಗಂಧಿಯ ಹತ್ತಿರ.

ಬೆನ್ನಿಗೋ ಸೊಂಟಕ್ಕೋ ಸಾಲಾಗಿ ನೀರುಗುಳ್ಳೆ ಎದ್ದು ಬೆಂಕಿ ಇಟ್ಟಂತೆ ಉರಿಯುವ ಆ ಕಾಯಿಲೆಯಲ್ಲಿ ಸರ್ಪದ ತಲೆ ಬಾಲ ಒಂದಾದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ಜನರ ನಂಬಿಕೆ. ಒಂದಾಗದ ಹಾಗೆ ನಡುವೆ ಗೆರೆ ಎಳೆಯುವುದು ಸುಗಂಧಿಯ ವಿದ್ಯೆ. ಗರಿಕೆ ಹುಲ್ಲನ್ನು ಅಕ್ಕಿ ತೊಳೆದ ನೀರಿನಲ್ಲಿ ಅರೆದು, ಅದಕ್ಕೆ ಕಾವಿ ಕಲ್ಲನ್ನು ತೇದು, ಉಂಗುರ ಬೆರಳಿನಿಂದ ಗುಳ್ಳೆಯ ಸುತ್ತ ಹಚ್ಚಬೇಕು. ಮೂರು ದಿನ, ಮೂರು ಗೆರೆ. ಆ ಮೂರು ದಿನ ಮೀನಿಲ್ಲ, ಮೊಟ್ಟೆಯಿಲ್ಲ, ಸ್ನಾನವಿಲ್ಲ, ಇಂಗ್ಲಿಷ್ ಮದ್ದಂತೂ ಇಲ್ಲವೇ ಇಲ್ಲ. ಕೊಡುವುದಿದ್ದರೆ ನಾಲ್ಕು ವೀಳ್ಯದೆಲೆ, ಒಂದು ಅಡಿಕೆ. ಬೀಡಿ ಕಟ್ಟುವ ಹೆಂಗಸಿನ ಬೆರಳು ಕಪ್ಪಾಗುವುದನ್ನು ಊರೇ ನೋಡಿದೆ. ಸುಗಂಧಿಯ ಒಂದು ಬೆರಳು ಮಾತ್ರ ಕೆಂಪು.

ಹೂಡೆಯ ಮೀನುಗಾರರ ಮನೆಯ ಹುಡುಗಿ ಅವಳು. ಏಳನೇ ಕ್ಲಾಸಿಗೆ ಪಾಟಿಚೀಲ ಕೆಳಗಿಟ್ಟು, ಹತ್ತೊಂಬತ್ತಕ್ಕೆ ಶೀನನ ಕೈ ಹಿಡಿದು ಈ ಮನೆಗೆ ಬಂದಳು. ಅತ್ತೆ ಅಪ್ಪಿಯ ತವರು ಕಾರ್ಕಳದ ಹತ್ತಿರದ ಕುಕ್ಕುಂದೂರು. ಗೆರೆಯ ವಿದ್ಯೆ ಅಲ್ಲಿಂದ ಅಪ್ಪಿಯ ಜೊತೆ ಬಂದದ್ದು. ಅಪ್ಪಿ ಬಾಯಲ್ಲಿ ಬೆಂಕಿ ಇಟ್ಟುಕೊಂಡ ಹೆಂಗಸು. ಸೊಸೆಯ ಸಾರಿಗೆ ಒಂದು ದಿನವೂ ಉಪ್ಪು ಸರಿ ಎಂದವಳಲ್ಲ. ಆದರೂ ಸಾಯುವ ಹಿಂದಿನ ವರ್ಷ ಸೊಸೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕಲಿಸಿದಳು. ಕಲಿಸಿ ಮುಗಿಸಿ, ಸುಗಂಧಿಯ ಕೆಂಪಾದ ಬೆರಳನ್ನು ಹಿಡಿದುಕೊಂಡು ಹೇಳಿದಳು:

"ಕುತ್ತಿಗೆಯಿಂದ ಮೇಲೆ ನಮ್ಮದಲ್ಲ. ಕಣ್ಣು, ಕಿವಿ, ಮುಖ ಮುಟ್ಟಬಾರದು. ಬಂದವರನ್ನು ಬಾಗಿಲಿನಿಂದಲೇ ಆಸ್ಪತ್ರೆಗೆ ಕಳಿಸು."

"ಯಾಕೆ ಅತ್ತೆ?"

"ಯಾಕೆ ಎಂತದು ಯಾಕೆ? ನನ್ನ ಅಮ್ಮ ನನಗೆ ಹೇಳಿದರು, ನಾನು ನಿನಗೆ ಹೇಳಿದೆ."

ಇಪ್ಪತ್ತೆರಡು ವರ್ಷ ಸುಗಂಧಿ ಆ ಮಾತು ಮೀರಲಿಲ್ಲ. ಒಮ್ಮೆ ಹನುಮಪ್ಪ ಎಂಬ ಬಾಗಲಕೋಟೆ ಕಡೆಯ ಗಾರೆ ಕೆಲಸದವನು ಹುಬ್ಬಿನ ಮೇಲೆ ಗುಳ್ಳೆ ಎದ್ದು ಅಳುತ್ತಾ ಬಂದಿದ್ದ. ಅವನನ್ನು ಜಗಲಿ ಹತ್ತಲೂ ಬಿಡದೆ ಬಸ್ಸು ಹತ್ತಿಸಿದ್ದಳು. ಅವನು ಬೈದುಕೊಂಡೇ ಹೋಗಿದ್ದ. ಬೈಗುಳದಿಂದ ಮೈಗೆ ಗಾಯವಾಗುವುದಿಲ್ಲ ಎಂದು ಅವಳು ಮತ್ತೆ ಬೀಡಿ ಎಲೆ ಕತ್ತರಿಸಲು ಕೂತಿದ್ದಳು.

ಮನುಷ್ಯ ಬೈಗುಳಕ್ಕೆ ಕೆಡುವುದಿಲ್ಲ, ಹೊಗಳಿಕೆಗೆ ಕೆಡುತ್ತಾನೆ. ಹೋದ ಡಿಸೆಂಬರಿನಲ್ಲಿ ಉಡುಪಿಯಿಂದ ಒಬ್ಬ ಬ್ಯಾಂಕ್ ಮ್ಯಾನೇಜರನ ಹೆಂಡತಿ ಕಾರಿನಲ್ಲಿ ಬಂದಳು. ಪಕ್ಕೆಯ ಗುಳ್ಳೆ ಒಣಗಿದ ಮೇಲೆ, "ನಿಮ್ಮ ಕೈಯಲ್ಲಿ ಇರುವುದು ದೊಡ್ಡ ದೊಡ್ಡ ಡಾಕ್ಟರುಗಳ ಹತ್ತಿರವೂ ಇಲ್ಲ ಅಮ್ಮ," ಎಂದು ಸುಗಂಧಿಯ ಕಾಲಿಗೆ ನಮಸ್ಕಾರ ಮಾಡಿದಳು. ಜರಿ ಸೀರೆಯ ಹೆಂಗಸು ತನ್ನ ಸೆಗಣಿ ಸಾರಿಸಿದ ಅಂಗಳದಲ್ಲಿ ಬಗ್ಗಿದ್ದನ್ನು ಸುಗಂಧಿ ಎಷ್ಟು ಸಲ ನೆನೆಸಿಕೊಂಡಳೋ. ನೆನೆಸಿಕೊಂಡಾಗಲೆಲ್ಲ ಒಳಗೆ ಹಿತವಾಗುತ್ತಿತ್ತು. ಆ ಹಿತ ಇಳಿಯುವ ಮೊದಲೇ, ಜನವರಿಯ ಒಂದು ಬುಧವಾರ, ಲಿಯೋನೆಲ್ ಬಂದ.

ಲಿಯೋನೆಲ್ ಬೇರೆಯವನಲ್ಲ. ಅವನ ತಾಯಿ ಇದೇ ಜಗಲಿಯಲ್ಲಿ ಸುಗಂಧಿಯ ಎದುರು ಕೂತು ಬೀಡಿ ಕಟ್ಟಿದವಳು. ಅವಳು ತೀರಿಕೊಂಡಾಗ ಹುಡುಗನಿಗೆ ಹನ್ನೆರಡು. ಆಮೇಲೆ ಅವನು ಹೆಚ್ಚು ಊಟ ಮಾಡಿದ್ದು ಈ ಮನೆಯಲ್ಲೇ. ಈಗ ಮೂವತ್ತನಾಲ್ಕು ವರ್ಷದ ಗಂಡಸು, ಮನೆಯಲ್ಲಿ ಹೆಂಡತಿ ಐರಿನ್, ಮಕ್ಕಳು. ವಾರದ ದಿನಗಳಲ್ಲಿ ಮನೆಗಳಿಗೆ ವಯರಿಂಗ್ ಮಾಡುತ್ತಿದ್ದ, ಮದುವೆಯಿದ್ದರೆ ಓಸ್ವಾಲ್ಡನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಕಲಿಯುವಾಗ ಗದ್ದೆಯ ಬದಿಯಲ್ಲಿ ನಿಂತು ಊದುತ್ತಿದ್ದ. "ಇವನ ಊದಾಟಕ್ಕೆ ದನ ಹಾಲು ಕೊಡುವುದಿಲ್ಲ ಮಾರಾಯ್ತಿ," ಎಂದು ಶೀನ ಬೈಯುತ್ತಿದ್ದ. ಆ ಜನವರಿಯ ಹೊತ್ತಿಗೆ ಶಿರ್ವದ ಸುತ್ತಿನಲ್ಲಿ ವಧುವನ್ನು ಇಗರ್ಜಿಯಿಂದ ಹೊರಗೆ ಕರೆತರುವಾಗ ಲಿಯೋನೆಲ್ ಊದದಿದ್ದರೆ ಮದುವೆ ಸಪ್ಪೆ ಎನ್ನುವವರಿದ್ದರು.

ಅಂದು ಅವನ ಎಡಗಿವಿ ಕೆಂಪಾಗಿತ್ತು. ಕಿವಿಯ ಬಟ್ಟಲೊಳಗೆ ಸಾಸಿವೆಯಷ್ಟು ನಾಲ್ಕೈದು ಗುಳ್ಳೆ.

"ಅಕ್ಕ, ರಾತ್ರಿ ಇಡೀ ನಿದ್ರೆ ಇಲ್ಲ. ಕಿವಿಯೊಳಗೆ ಮೊಳೆ ಹೊಡೆದ ಹಾಗೆ ಆಗ್ತದೆ. ಐರಿನ್ ಮಣಿಪಾಲಕ್ಕೆ ಹೋಗುವ ಅಂತಾಳೆ. ಅಲ್ಲಿ ಹೋದರೆ ಅವರು ಮಲಗಿಸಿಬಿಡ್ತಾರೆ. ಭಾನುವಾರ ದೊಡ್ಡ ಮದುವೆ ಉಂಟು. ಕಿವಿಗೂ ನಿಮ್ಮ ಗೆರೆ ಆಗ್ತದಾ?"

ಅತ್ತೆಯ ಮಾತು ಸುಗಂಧಿಗೆ ಆಗ ಮರೆತಿತ್ತು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಚೆನ್ನಾಗಿ ನೆನಪಿತ್ತು. ಆದರೆ ಜರಿ ಸೀರೆಯೂ ನೆನಪಿತ್ತು. ಹನುಮಪ್ಪನಿಗೆ ಇಲ್ಲ ಎನ್ನುವುದು ಸುಲಭ, ತಾನು ಅನ್ನ ಬಡಿಸಿ ಬೆಳೆಸಿದವನಿಗೆ ನನ್ನ ಕೈಲಾಗದು ಎನ್ನುವುದು ಹೇಗೆ?

"ಯಾಕೆ ಆಗುವುದಿಲ್ಲ? ಸರ್ಪಕ್ಕೆ ಬೆನ್ನು ಬೇರೆ, ಕಿವಿ ಬೇರೆ ಅಂತ ಉಂಟಾ?" ಎಂದಳು. "ಮೂರು ದಿನ ಎಲ್ಲಿಗೂ ಹೋಗಬೇಡ. ಇಂಗ್ಲಿಷ್ ಮದ್ದು ಮುಟ್ಟಬೇಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗುರುವಾರ ಸಂಜೆ ಅವನು ಎರಡನೇ ಗೆರೆಗೆ ಬಂದಾಗ, "ಅಕ್ಕ, ತುಟಿ ಒಂದು ನಮೂನೆ ಆಗ್ತಾ ಉಂಟು. ಟ್ರಂಪೆಟ್ ಹಿಡಿದರೆ ಎಡಗಡೆಯಿಂದ ಗಾಳಿ ಹೋಗ್ತದೆ," ಎಂದ. ವಿಷ ಇಳಿಯುವಾಗ ಹಾಗೆಲ್ಲ ಆಗುತ್ತದೆ ಎಂದು ಸುಗಂಧಿ ಹೇಳಿದಳು. ಹಾಗೆ ಆಗುವುದನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಐರಿನ್ ಫೋನ್ ಮಾಡಿದಳು. "ಅಕ್ಕ, ನಾವು ಈಗಲೇ ಆಸ್ಪತ್ರೆಗೆ ಹೋಗುವುದಾ?"

"ನಡುವಿನಲ್ಲಿ ಬಿಟ್ಟರೆ ತೊಂದರೆ ಮಗಾ. ನಾಳೆ ಒಂದು ಗೆರೆ ಉಂಟು. ಮುಗಿಸಿ ಹೋಗಿ."

ಶುಕ್ರವಾರ ಬೆಳಿಗ್ಗೆ ಅವನು ಜಗಲಿಯಲ್ಲಿ ಕೂತಾಗ ಸುಗಂಧಿ ನೋಡಿದಳು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಕೊಟ್ಟ ಚಹಾ ಬಾಯಿಯ ಎಡಮೂಲೆಯಿಂದ ಇಳಿದು ಅಂಗಿಯ ಮೇಲೆ ಬಿತ್ತು. ಅವನು ನಾಚಿಕೆಯಿಂದ ನಕ್ಕ. ನಗು ಅರ್ಧ ಮುಖದಲ್ಲಿ ಮಾತ್ರ ಮೂಡಿತು. ಇದೆಲ್ಲವನ್ನೂ ತನ್ನ ಎರಡು ಕಣ್ಣಿಂದ ಕಂಡು, ಸುಗಂಧಿ ಬೆರಳನ್ನು ಕಾವಿಯಲ್ಲಿ ಅದ್ದಿ ಮೂರನೇ ಗೆರೆ ಎಳೆದಳು. 

ಶನಿವಾರ ಐರಿನ್ ಯಾರ ಮಾತೂ ಕೇಳದೆ ಗಂಡನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಸಮಾಧಾನದಿಂದಲೇ ವಿವರಿಸಿದರಂತೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಹೋದ ಮೇಲೂ ಅದರ ವೈರಸ್ಸು ನರದೊಳಗೆ ಸುಮ್ಮನೆ ಮಲಗಿರುತ್ತದೆ. ಯಾವಾಗಲೋ ಎದ್ದರೆ ಅದೇ ಸರ್ಪಸುತ್ತು. ಮೈಯಲ್ಲಾದರೆ ಹೆಚ್ಚಾಗಿ ಉರಿದು ನೋವು ಕೊಟ್ಟು ತಾನೇ ಒಣಗುತ್ತದೆ. ಕಿವಿಯಲ್ಲಿ ಎದ್ದರೆ ಅಲ್ಲೇ ಹಾದುಹೋಗುವ ಮುಖದ ನರಕ್ಕೆ ಪೆಟ್ಟು ಬಿದ್ದು ಅರ್ಧ ಮುಖ ಸ್ವಾಧೀನ ತಪ್ಪಬಹುದು. "ಮೊದಲ ಮೂರು ದಿನದಲ್ಲಿ ಬಂದಿದ್ದರೆ ಒಳ್ಳೆಯದಿತ್ತು. ಈಗಲೂ ಮದ್ದು ಕೊಡುತ್ತೇವೆ. ಆಮೇಲೆ ವ್ಯಾಯಾಮ ಬಿಡಬಾರದು. ಎಷ್ಟು ಸರಿಯಾಗುತ್ತದೆಂದು ಈಗಲೇ ಹೇಳಲು ಬರುವುದಿಲ್ಲ."

ಮೊದಲ ಮೂರು ದಿನ. ಈ ಮಾತು ಬಾಯಿಂದ ಬಾಯಿಗೆ ದಾಟಿ ಸುಗಂಧಿಯ ಕಿವಿಗೆ ಬಿದ್ದಾಗ ಅವಳು ಬೀಡಿಗೆ ದಾರ ಸುತ್ತುತ್ತಿದ್ದಳು. ಆ ಮೂರು ದಿನ ಎಲ್ಲಿ ಹೋದವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಊರು ಬಂದು ತನಗೆ ಛೀಮಾರಿ ಹಾಕುತ್ತದೆ ಎಂದು ಅವಳು ಕಾದಳು. ಆದದ್ದೇ ಬೇರೆ. ಗುರುವಾರ ಮಧ್ಯಾಹ್ನ ಐರಿನ್ ಬಂಗುಡೆ ಮೀನು ಹುರಿದಿದ್ದಳು. ತನಗೂ ಮಕ್ಕಳಿಗೂ ಎಂದು ಹುರಿದದ್ದು. ಲಿಯೋನೆಲ್ ಪರಿಮಳಕ್ಕೆ ಸೋತು ಎರಡು ತುಂಡು ತಿಂದಿದ್ದ. ಆ ಸುದ್ದಿ ಶೀನನ ಗೂಡಂಗಡಿಗೆ ಬಂತು. ಅಲ್ಲಿಗೆ ಬಂದ ಸುದ್ದಿ ಬಂದ ಹಾಗೆಯೇ ಹೊರಗೆ ಹೋದದ್ದು ಉಂಟೇ? "ಪಥ್ಯ ಮುರಿದ ಮಾರಾಯ. ಸರ್ಪ ಸುಮ್ಮನೆ ಬಿಡ್ತದಾ? ಬಾಯಿಯನ್ನೇ ತಿರುಗಿಸಿತು," ಎಂದು ಶೀನ ಸೋಡಾ ಒಡೆಯುತ್ತಾ ಹೇಳಿದ. ಒಂದು ವಾರದೊಳಗೆ ಅದು ಕಾಪು ದಾಟಿ ಉಡುಪಿ ಮುಟ್ಟಿತು. ಸುಗಂಧಿಯ ಪಥ್ಯ ಎಂದರೆ ಆಟವಲ್ಲ, ಮುರಿದವನ ಮುಖವನ್ನು ಹೋಗಿ ನೋಡಿ ಬನ್ನಿ. ಬರುವವರ ಸಂಖ್ಯೆ ಎರಡು ಪಟ್ಟಾಯಿತು. ಮುಂಚೆ ಅಂಗಳದಲ್ಲಿ ಬೀಡಿ ಎಳೆಯುತ್ತಾ ಕಾಯುತ್ತಿದ್ದವರು ಈಗ ಚಪ್ಪಲಿ ಗೇಟಿನ ಹೊರಗೆ ಬಿಟ್ಟು ಕೈಮುಗಿದು ಬರತೊಡಗಿದರು.

ಒಂದು ಮಾತು, ಒಂದೇ ಮಾತು ಆಡಿದ್ದರೆ ಸಾಕಿತ್ತು. ಸುಗಂಧಿ ಆಡಲಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಗಲು ಜನ ಕೈಮುಗಿದರೆ ಅವಳ ಕಣ್ಣು ನೆಲ ನೋಡುತ್ತಿತ್ತು. ಅದನ್ನೂ ಜನ ವಿನಯ ಎಂದರು. ಅನ್ನ ಬಾಯಿಗಿಟ್ಟರೆ ತನ್ನ ತುಟಿಯ ಎಡಮೂಲೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳನ್ನು ಕಳ್ಳಿ ಎಂದವರೂ ಇರಲಿಲ್ಲ. ಲಿಯೋನೆಲನ ಮನೆ ಕೂಗಳತೆಯಲ್ಲಿದ್ದರೂ ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಗದ್ದೆಯ ಕಡೆಯಿಂದ ಟ್ರಂಪೆಟ್ ಕೇಳುತ್ತದೆಯೇ ಎಂದು ಸಂಜೆ ಸಂಜೆ ಕಿವಿಯಿಟ್ಟು ಕೂರುತ್ತಿದ್ದಳು. ಕೇಳಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಶೀನ ಊಟ ಮಾಡಿ ಮಲಗಿದ್ದಾಗ ಲಿಯೋನೆಲ್ ತಾನೇ ಬಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ವೀಳ್ಯದೆಲೆಯ ಕಟ್ಟು. ಎಡಗಣ್ಣಿಗೆ ಧೂಳು ಬೀಳದಂತೆ ಕನ್ನಡಕ. ಚಪ್ಪಲಿ ಗೇಟಿನ ಹೊರಗೆ ಬಿಟ್ಟಿದ್ದ.  ಹನ್ನೆರಡನೇ ವಯಸ್ಸಿನಿಂದ ಚಪ್ಪಲಿ ಹಾಕಿಕೊಂಡೇ ಅಡಿಗೆಕೋಣೆಯ ಬಾಗಿಲಿಗೆ ನುಗ್ಗುತ್ತಿದ್ದ ಹುಡುಗ ಅವನು.

"ಅಕ್ಕ, ತಪ್ಪಾಯಿತು ಅಂತ ಹೇಳಲಿಕ್ಕೆ ಬಂದೆ," ಎಂದ. ತುಟಿ ಸರಿಯಾಗಿ ಕೂಡದೆ ಮಾತು ತೇಲುತ್ತಿತ್ತು. "ನಾನು ಬಂಗುಡೆ ತಿಂದೆ. ನೀವು ಹೇಳಿದ್ದು ಮೀರಿದೆ." ಬಂಗುಡೆ ಎನ್ನುವಾಗ 'ಬ' ತುಟಿಯಲ್ಲಿ ನಿಲ್ಲದೆ ಗಾಳಿಯಾಗಿ ಹೋಯಿತು. ಅವನು ನಿಂತು ಬೆರಳಿನಿಂದ ಎಡತುಟಿಯನ್ನು ಒತ್ತಿ ಹಿಡಿದು ಮತ್ತೊಮ್ಮೆ ಹೇಳಿದ.

ಸುಗಂಧಿ ಬೀಡಿಯ ಮೊರವನ್ನು ಬದಿಗೆ ಸರಿಸಿದಳು.

"ಮಣಿಪಾಲಕ್ಕೆ ಹೋಗುವುದು ಬಿಟ್ಟೆ. ಮೂರು ವಾರ ಆಯಿತು. ಅಲ್ಲಿ ಕನ್ನಡಿ ಎದುರು ಕೂರಿಸಿ ಗಲ್ಲ ಉಬ್ಬಿಸು, ಸಿಳ್ಳೆ ಹಾಕು ಅಂತಾರೆ. ಸರ್ಪದ ಕೋಪ ಹಾಗೇ ಇರುವಾಗ ಗಲ್ಲ ಉಬ್ಬಿಸಿ ಎಂತ ಆಗ್ತದೆ? ಓಸ್ವಾಲ್ಡ್ ಮಾಮ ಸದ್ಯಕ್ಕೆ ಡ್ರಮ್ ಕೊಟ್ಟಿದ್ದಾರೆ. ಪಾಪ, ಅವರೂ ಎಷ್ಟು ದಿನ ಕಾಯ್ತಾರೆ? ನೀವು ಕ್ಷಮಿಸಿ ಮತ್ತೊಮ್ಮೆ ಮೂರು ಗೆರೆ ಹಾಕಿ ಅಕ್ಕ. ಈ ಸಲ ಗಂಜಿ ಮಾತ್ರ. ಸತ್ಯ."

ಅವನು ಎಡಗಿವಿಯನ್ನು ಅವಳ ಕಡೆ ತಿರುಗಿಸಿ ನೆಲದ ಮೇಲೆ ಕೂತ. ಗುಳ್ಳೆ ಇದ್ದ ಜಾಗದಲ್ಲಿ ಸಣ್ಣ ಸಣ್ಣ ಕಲೆ. ಕಾವಿ ಕಲ್ಲು ಕೈಯೆಟುಕಿನಲ್ಲೇ ಇತ್ತು. ಇನ್ನೊಮ್ಮೆ ಗೆರೆ ಎಳೆದು ಕಳಿಸಿದರೆ ಊರಿನಲ್ಲಿ ಅವಳ ಕೂದಲೂ ಕೊಂಕುತ್ತಿರಲಿಲ್ಲ. ಇವನ ಮುಖ ಮಾತ್ರ ಹೀಗೇ ಗಟ್ಟಿಯಾಗುತ್ತಿತ್ತು. ಹೇಳಿದರೆ ಬೆರಳಿನ ಕೆಂಪೂ ಹೋಗುತ್ತದೆ, ಅಕ್ಕ ಎನ್ನುವ ಈ ಹುಡುಗನೂ ಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿತು. ಹೇಳದೆ ಉಳಿಸಿಕೊಂಡ ಹುಡುಗ ಯಾರ ಹುಡುಗ?

"ಬಂಗುಡೆಯಿಂದ ಅಲ್ಲ," ಎಂದಳು.

"ಎಂತ?"

"ಬಂಗುಡೆಯಿಂದ ಅಲ್ಲ ಲಿಯೋನೆಲ್. ಕಿವಿ ನಾನು ಮುಟ್ಟಬಾರದಿತ್ತು. ಕುತ್ತಿಗೆಯಿಂದ ಮೇಲೆ ನಮ್ಮದಲ್ಲ, ಆಸ್ಪತ್ರೆಗೆ ಕಳಿಸು ಅಂತ ಅಪ್ಪಿ ಅತ್ತೆ ನನ್ನ ಕೈ ಹಿಡಿದು ಹೇಳಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ. ಶುಕ್ರವಾರ ನಿನ್ನ ಬಾಯಿ ಓರೆ ಆದದ್ದು ಕಂಡೆ. ಆದರೂ ಕಳಿಸಲಿಲ್ಲ. ನನ್ನ ಹೆಸರು ಹೋಗ್ತದೆ ಅಂತ ಹೆದರಿದೆ. ಆ ಮೂರು ದಿನ ತಿಂದದ್ದು ನಾನು."

ಲಿಯೋನೆಲ್ ಅವಳನ್ನೇ ನೋಡಿದ. ಅವನ ಮುಖದಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವಂತಿರಲಿಲ್ಲ. ಒಂದು ಬದಿ ಗಟ್ಟಿಯಾಗುತ್ತಿತ್ತು, ಇನ್ನೊಂದು ಬದಿಗೆ ಸುದ್ದಿಯೇ ಮುಟ್ಟಿರಲಿಲ್ಲ.

"ನನ್ನಿಂದ ಅಲ್ಲವಾ?" ಎಂದು ಕೊನೆಗೆ ಕೇಳಿದ.

"ಅಲ್ಲ."

"ಐರಿನಿನಿಂದ?"

"ಅವಳಿಂದ ಯಾಕೆ? ಅವಳು ಎಂತ ಮಾಡಿದ್ದಾಳೆ?"

"ಮೀನು ಹುರಿದದ್ದು ಅವಳಲ್ವಾ!" ಅವನ ದನಿ ಏರಿತು. "ಎರಡು ತಿಂಗಳಾಯಿತು ನಮ್ಮ ಮನೆಗೆ ಮೀನು ತರದೆ. ಮಕ್ಕಳು ಕೇಳಿದರೆ ಹೊಡೆಯುತ್ತಾಳೆ. ಆ ಕಾವಲಿಯನ್ನು ಬಾವಿಗೆ ಬಿಸಾಡಿದ್ದಾಳೆ. ಗಂಡನ ಮುಖ ಹಾಳು ಮಾಡಿದವಳು ಅಂತ ನಿಮ್ಮ ಗಂಡನ ಅಂಗಡಿಯಲ್ಲಿ ಹೇಳ್ತಾರಂತೆ, ಅದಕ್ಕೆ ಇಗರ್ಜಿಗೂ ಹಿಂದಿನ ಬಾಗಿಲಿನಿಂದ ಹೋಗ್ತಾಳೆ. ನೀವು ಇಲ್ಲೇ ಇದ್ದಿರಿ ಅಕ್ಕ. ಇಲ್ಲೇ ಕೂತಿದ್ದಿರಿ."

ಅವನು ಎದ್ದು ಹೋದ. ಬಾಳೆಹಣ್ಣು ಜಗಲಿಯಲ್ಲೇ ಉಳಿಯಿತು.

ತಾನು ಒಬ್ಬನಿಗೆ ಮಾಡಿದೆ ಎಂದುಕೊಂಡಿದ್ದಳು ಸುಗಂಧಿ. ಇನ್ನೊಬ್ಬಳೂ ಇದ್ದಳು ಎಂಬುದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಐರಿನ್ ಅಂದು ಫೋನಿನಲ್ಲಿ "ಈಗಲೇ ಹೋಗುವುದಾ?" ಎಂದು ಕೇಳಿದ್ದಳು. ಎಲ್ಲರಿಗಿಂತ ಮೊದಲು ಸರಿಯಾಗಿ ಯೋಚಿಸಿದವಳು ಅವಳೇ. ಅವಳ ತಲೆಗೇ ಊರು ಬಂಗುಡೆ ಕಟ್ಟಿತ್ತು.

ಸುಗಂಧಿ ಒಳಗೆ ಹೋಗಿ ಗಂಡನನ್ನು ಎಬ್ಬಿಸಿದಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆದಳು. "ಶೀನಾ, ಏಳಿ. ಅಂಗಡಿಯಲ್ಲಿ ಹೇಳಿದ್ದನ್ನು ಅಂಗಡಿಯಲ್ಲೇ ತಿದ್ದಿ ಹೇಳಬೇಕು. ಕಿವಿಗೆ ಗೆರೆ ಹಾಕಿದ್ದು ನನ್ನ ತಪ್ಪು ಅಂತ ಹೇಳಿ. ನೀವು ಹೇಳದಿದ್ದರೆ ನಾನೇ ಬಂದು ಬಾಗಿಲಲ್ಲಿ ನಿಂತು ಹೇಳ್ತೇನೆ." ಶೀನ ನಿದ್ದೆಗಣ್ಣಿನಲ್ಲಿ, ಇವಳಿಗೆ ಏನು ಹಿಡಿಯಿತು ಎಂದು ನೋಡಿದ. ಅವಳು ಆಗಲೇ ಅಂಗಳ ದಾಟಿದ್ದಳು.

ಐರಿನ್ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಲಿಯೋನೆಲ್ ಬಾವಿಕಟ್ಟೆಯ ಮೇಲೆ ಬೆನ್ನು ಹಾಕಿ ಕೂತಿದ್ದ. ಇನ್ನೂ ಏನನ್ನೂ ಹೇಳಿರಲಿಲ್ಲ ಎಂದು ಐರಿನ್ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸುಗಂಧಿ ನಿಂತೇ ಎಲ್ಲವನ್ನೂ ಹೇಳಿದಳು. ಅತ್ತೆಯ ಮಾತು, ಕಾರಿನ ಹೆಂಗಸು, ಶುಕ್ರವಾರದ ಚಹಾ, ಫೋನಿನಲ್ಲಿ ಕೊಟ್ಟ ಸುಳ್ಳು ಧೈರ್ಯ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಳಲಿಕ್ಕೆ ತನಗೇನು ಹಕ್ಕು ಎಂದು ಸೆರಗಿನಿಂದ ಬಾಯಿ ಒತ್ತಿಕೊಂಡಳು.

ಐರಿನ್ ಹಿಂಡುತ್ತಿದ್ದ ಅಂಗಿಯನ್ನು ಇನ್ನೂ ಹಿಂಡಿದಳು. ಅದರಲ್ಲಿ ಒಂದು ಹನಿ ನೀರೂ ಉಳಿದಿರಲಿಲ್ಲ.

"ನಾನು ಕೇಳಿದ್ದೆ," ಎಂದಳು. "ಗುರುವಾರ ನಾನು ಕೇಳಿದ್ದೆ ಅಕ್ಕ."

"ಕೇಳಿದ್ದಿ ಮಗಾ."

"ಕ್ಷಮಿಸಿದೆ ಅಂತ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ."

"ಅದಕ್ಕೆ ಬಂದದ್ದಲ್ಲ ನಾನು."

 ಐರಿನ್ ಅಂಗಿಯನ್ನು ಹಗ್ಗದ ಮೇಲೆ ಹಾಕಿ, "ಮಂಗಳವಾರ, ಶುಕ್ರವಾರ ವ್ಯಾಯಾಮಕ್ಕೆ ಹೋಗಬೇಕು. ಏಳೂವರೆಯ ಬಸ್ಸು. ಇವರು ಬಿಡುವವರೆಗೂ ನಾನು ಕೆಲಸಕ್ಕೆ ರಜೆ ಹಾಕಿ ಹಾಕಿ ಸಾಕಾಯಿತು. ನೀವೇ ಕರ್ಕೊಂಡು ಹೋಗಿ. ಇವರು ಬರುವುದಿಲ್ಲ ಅಂದರೆ ಎಳ್ಕೊಂಡು ಹೋಗಿ," ಎಂದಳು.

ಹಾಗೆ ಸುಗಂಧಿಯ ಮಣಿಪಾಲದ ಪ್ರಯಾಣ ಶುರುವಾಯಿತು. ಉಡುಪಿಯಲ್ಲಿ ಬಸ್ಸು ಬದಲಿಸಿ ಗುಡ್ಡ ಹತ್ತಬೇಕು. ಮೊದಲ ದಿನಗಳಲ್ಲಿ ಲಿಯೋನೆಲ್ ಬೇರೆ ಸೀಟಿನಲ್ಲಿ ಕೂರುತ್ತಿದ್ದ. ಅವಳು ಅದನ್ನು ಸರಿ ಎಂದೇ ಒಪ್ಪಿಕೊಂಡಳು. ಅಂಗಡಿಯಲ್ಲಿ ಮಾತು ತಿದ್ದಿದ ಮೇಲೆ ಮನೆಗೆ ಬರುವವರು ಕಡಿಮೆಯಾದರು. ಬಂದವರಿಗೆ ಅವಳು, "ಮೊದಲು ಡಾಕ್ಟರ ಹತ್ತಿರ ಹೋಗಿ, ಮದ್ದು ಶುರು ಮಾಡಿ. ಉರಿಗೆ ತಂಪು ಬೇಕಾದರೆ ಆಮೇಲೆ ಬನ್ನಿ," ಎನ್ನತೊಡಗಿದಳು. ಹೆಚ್ಚಿನವರು ಆಮೇಲೆ ಬರಲಿಲ್ಲ. ಬೆರಳಿನ ಕೆಂಪು ಮಾಸಿ, ಉಳಿದ ಬೆರಳುಗಳ ಹಾಗೆ ಕಪ್ಪಾಯಿತು.

ವ್ಯಾಯಾಮ ಮಾಡಿಸುತ್ತಿದ್ದವಳು ಯಶ್ಮಿತಾ ಎಂಬ ಚುರುಕು ಹುಡುಗಿ. ಮೇ ತಿಂಗಳ ಒಂದು ಶುಕ್ರವಾರ ಗೋಡೆಯ ಕನ್ನಡಿ ಒಡೆದಿತ್ತೆಂದು ಅವಳು ಕೈಗನ್ನಡಿಯೊಂದನ್ನು ಸುಗಂಧಿಗೆ ಕೊಟ್ಟು ಲಿಯೋನೆಲನ ಎದುರು ಕೂರಿಸಿದಳು. ಕಣ್ಣು ಮುಚ್ಚಿ. ಗಲ್ಲ ಉಬ್ಬಿಸಿ. ತುಟಿ ಮುಂದೆ ಮಾಡಿ. ಈಗ ಹೇಳಿ, ಪ, ಬ, ಮ. ಲಿಯೋನೆಲ್ ತುಟಿ ಕೂಡಿಸಿದ. ಎಡಮೂಲೆ ಅಕ್ಕಿ ಕಾಳಿನಷ್ಟು ಮೇಲೆ ಬಂತು. ಎರಡು ತಿಂಗಳ ಹಿಂದೆ ಅದು ಅಲ್ಲಾಡುತ್ತಲೇ ಇರಲಿಲ್ಲ. ಟ್ರಂಪೆಟ್ ಹಿಡಿಯಲು ಅಷ್ಟು ಸಾಲದು. ಎಂದಾದರೂ ಸಾಲುತ್ತದೆಯೇ ಎಂದು ಯಶ್ಮಿತಾ ಹೇಳಲಿಲ್ಲ, ಅವರೂ ಕೇಳಲಿಲ್ಲ.

"ತಪ್ಪದೆ ಬರ್ತೀರಿ, ಒಳ್ಳೆಯದು," ಎಂದಳು ಹುಡುಗಿ ಚೀಟಿಯಲ್ಲಿ ಬರೆಯುತ್ತಾ. "ನೀವು ಇವರ ತಾಯಿಯಾ?"

ಲಿಯೋನೆಲ್ ಕನ್ನಡಿಯಿಂದ ಕಣ್ಣೆತ್ತಿ ಸುಗಂಧಿಯನ್ನು ನೋಡಿದ. ಹೌದು ಎಂದುಬಿಡಬಹುದಿತ್ತು. ಅವನು ಇಲ್ಲ ಎನ್ನುತ್ತಿರಲಿಲ್ಲವೇನೋ.

"ಅಲ್ಲ," ಎಂದಳು ಸುಗಂಧಿ. "ಇವನನ್ನು ಮೂರು ದಿನ ಇಲ್ಲಿಗೆ ಬರಲಿಕ್ಕೆ ಬಿಡದೆ ಇದ್ದವಳು."

ಯಶ್ಮಿತಾಳ ಪೆನ್ನು ನಿಂತಿತು. ಅವಳು ಒಮ್ಮೆ ಇವಳನ್ನೂ ಒಮ್ಮೆ ಅವನನ್ನೂ ನೋಡಿದಳು. ಲಿಯೋನೆಲ್ ಕೈ ಚಾಚಿ, ಸುಗಂಧಿಯ ಕೈಯಲ್ಲಿ ಕೆಳಗಿಳಿದಿದ್ದ ಕನ್ನಡಿಯ ಅಂಚನ್ನು ಹಿಡಿದುಕೊಂಡು ನೇರ ಮಾಡಿದ.

"ಸ್ವಲ್ಪ ಮೇಲೆ ಹಿಡಿಯಿರಿ ಅಕ್ಕ," ಎಂದ. "ಕಾಣುವುದಿಲ್ಲ."